ಹಗ್ಗ ಮುಟ್ಟಿದವರ ಪಾಲು

ಕೋಡಿಬಾಗ, ಕಾರವಾರ
12 ಅಕ್ಟೋಬರ್ 2003

ಪ್ರೀತಿಯ ವನಮಾಲಾ ಅಕ್ಕೋರಿಗೆ,

ನಾನು ವೈಜಯಂತಿ, ಹಾರವಾಡದ ಶಾಲೆಯಲ್ಲಿ ನಿಮ್ಮ ಹತ್ತಿರ ಕಲಿತವಳು, ಬೊಮ್ಮಯ್ಯನ ಮಗಳು. ಕಳೆದ ಸೋಮವಾರ ಕಾರವಾರದ ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ನಿಮ್ಮ ಸೆರಗು ಒದ್ದೆ ಮಾಡಿದವಳು. ನೀವು ಚೀಟಿಯ ಹಿಂದೆ ಬರೆದುಕೊಟ್ಟ ವಿಳಾಸ ನೋಡಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಅಕ್ಷರ ಹಾಗೆಯೇ ಇದೆ, ಒಂದು ತಲೆಕಟ್ಟೂ ಅಲುಗಿಲ್ಲ. ನನ್ನದನ್ನು ನೋಡಿ ನಗಬೇಡಿ. ಅಂಗನವಾಡಿಯಲ್ಲಿ ಮಕ್ಕಳಿಗೆ ದೊಡ್ಡ ದೊಡ್ಡ ಅಕ್ಷರ ಬರೆದು ಬರೆದು ನನಗೀಗ ಸಣ್ಣದಾಗಿ ಬರೆಯಲಿಕ್ಕೇ ಬರುವುದಿಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ಅಪ್ಪ ಬದುಕಿದ್ದಾನೆ. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಜ್ವರ ಇಳಿದಿದೆ, ಗಂಜಿ ಕುಡಿಯುತ್ತಿದ್ದಾನೆ. ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು.

ಆ ದಿನ ಅಳುತ್ತ ಹೇಳಿದ್ದು ಎಲ್ಲ ಹಿಂದುಮುಂದಾಗಿರಬೇಕು. ಅದಕ್ಕೇ ಇನ್ನೊಮ್ಮೆ ಸರಿಯಾಗಿ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಬಲೆ ಜಾಡಿಸುವಾಗ ಅಪ್ಪನ ಪಾದಕ್ಕೆ ತೊರಕೆ ಮೀನಿನ ಮುಳ್ಳು ಹೊಕ್ಕಿತು. ಅರಿಸಿನ ಮೆತ್ತಿಕೊಂಡು ಮರುದಿನವೇ ನೀರಿಗಿಳಿದ. ಸಕ್ಕರೆ ಕಾಯಿಲೆ ಇರುವುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹತ್ತು ದಿನದಲ್ಲಿ ಕಾಲು ಕಪ್ಪಾಯಿತು. ಅವನ ಜೊತೆಗಾರ ಹುಲಿಯಾ ಮಾವ ರಿಕ್ಷಾದಲ್ಲಿ ಕಾರವಾರಕ್ಕೆ ತಂದ. ಅಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದನಂತೆ. ನನ್ನನ್ನು ಕಂಡಾಗಲೂ ಅದನ್ನೇ ಹೇಳಿದ: "ಕಾಲು ತೆಗೀತ್ರು ಅಂದ್ರೆ ನನ್ನ ವಾಪಸ್ ಮನೆಗೆ ಕರ್ಕಂಡು ಹೋಗು ಮಗಾ. ಒಂದು ಕಾಲಲ್ಲಿ ದೋಣಿ ಹತ್ತೂಕೆ ಆತದ್ಯಾ? ಹಂಗೆ ಬದ್ಕೂದು ಬ್ಯಾಡ ನಂಗೆ." ಆಮೇಲೆ ಜ್ವರ ಏರಿ ಪ್ರಜ್ಞೆ ತಪ್ಪಿತು.

ಅವ್ವಿ ತೀರಿಕೊಂಡು ಆರು ವರ್ಷವಾಯಿತು. ತಮ್ಮ ಕಿಶನ ರತ್ನಾಗಿರಿಯ ಕಡೆ ಟ್ರಾಲರಿನಲ್ಲಿದ್ದ, ಹತ್ತು ದಿನ ದಡಕ್ಕೆ ಬರುವವನಲ್ಲ. ಹೀಗಾಗಿ ಒಪ್ಪಿಗೆಯ ಫಾರಂ ನನ್ನ ಕೈಗೇ ಬಂತು. ನಾಲ್ಕು ಗಂಟೆಯೊಳಗೆ ಸಹಿ ಬೇಕೆಂದರು. ಸಹಿ ಹಾಕಿದರೆ ಅಪ್ಪನ ಮಾತು ಮೀರಿದ ಹಾಗೆ, ಹಾಕದಿದ್ದರೆ ಅಪ್ಪನೇ ಇಲ್ಲ. ಬೆಳಿಗ್ಗೆಯಿಂದ ಆ ಕಾಗದ ಹಿಡಿದುಕೊಂಡು ಕುಳಿತಿದ್ದೆ. ಕೈಯ ಬೆವರಿಗೆ ಅದರ ಮೂಲೆ ಮೆತ್ತಗಾಗಿತ್ತು. ಒಂದು ಗಂಟೆಯ ಹೊತ್ತಿಗೆ ತಲೆಯೆತ್ತಿದರೆ ಎದುರಿನ ಬೆಂಚಿನಲ್ಲಿ ನೀವು! ಅದೇ ಕಪ್ಪು ಕೊಡೆ, ತೊಡೆಯ ಮೇಲೆ ಅದೇ ಥರದ ಚೀಲ. ಇಪ್ಪತ್ತು ವರ್ಷವಾಗಿತ್ತು ನಿಮ್ಮನ್ನು ನೋಡಿ. ದೇವರು ಬಂದರೂ ನನಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಮೂರು ತಾಸು ನೀವು ಎದ್ದು ಹೋಗಲಿಲ್ಲ. ನಡುವೆ ಒಂದು ಮಾತೂ ಆಡಲಿಲ್ಲ. ಈಗಿನ ಕಾಲದಲ್ಲಿ ಯಾರು ಹಾಗೆ ಕೇಳಿಸಿಕೊಳ್ಳುತ್ತಾರೆ ಅಕ್ಕೋರೇ? ಕೊನೆಗೆ ನಾನು "ಸಹಿ ಹಾಕ್ಲಾ?" ಎಂದು ಕೇಳಿದೆ. ನೀವು ನನ್ನ ಮುಖವನ್ನೂ ಕೈಯಲ್ಲಿದ್ದ ಫಾರಮನ್ನೂ ನೋಡಿದಿರಿ, ನಿಧಾನಕ್ಕೆ ತಲೆಯಾಡಿಸಿದಿರಿ, ಚೀಲದಿಂದ ಪೆನ್ನು ತೆಗೆದು ನನ್ನ ಕೈಗಿಟ್ಟಿರಿ. ಮತ್ತೆ ಯೋಚಿಸುವುದು ಏನೂ ಉಳಿಯಲಿಲ್ಲ. ಸಹಿ ಹಾಕಿದ ಮೇಲೆ ನೋಡಿದರೆ ಕೆಂಪು ಶಾಯಿ! ನರ್ಸಮ್ಮ, "ಎಂತದಿದು? ಪರೀಕ್ಷೆ ಪೇಪರ್ ತಿದ್ದೂಕೆ ಬಂದ್ಯೇನೆ ನೀನು?" ಎಂದು ಗದರಿ, ಪಕ್ಕದಲ್ಲಿ ಇನ್ನೊಂದು ನೀಲಿ ಸಹಿ ಹಾಕಿಸಿದರು. ಪೆನ್ನು ನನ್ನ ಹತ್ತಿರವೇ ಉಳಿದಿದೆ.

ಉತ್ತರ ಹೇಳುವಾಗ ನಿಮ್ಮ ಮುಖ ನೋಡಿದರೆ ಶಾಲೆಯಲ್ಲಿ ನೀವು ಬೈಯುತ್ತಿದ್ದಿರಿ. "ನನ್ನ ಮುಖದಲ್ಲಿ ಉತ್ತರ ಬರೆದಿಲ್ಲ, ಹಲಗೆ ನೋಡು" ಎನ್ನುತ್ತಿದ್ದಿರಿ. ಆ ದಿನ ಮುಖ ನೋಡಿಯೇ ಉತ್ತರ ಬರೆದೆ. ಬೈಯಬೇಡಿ.

ಚೀಟಿಯ ಇನ್ನೊಂದು ಬದಿಯಲ್ಲಿ ಕಿವಿ, ಮೂಗು, ಗಂಟಲು ಎಂದು ಆಸ್ಪತ್ರೆಯ ಮುದ್ರೆ ಇದೆ. ನಿಮಗೆ ಹುಷಾರಿರಲಿಲ್ಲವೇ? ನನ್ನದೇ ಗೋಳು ಹೇಳಿಕೊಂಡು ನಿಮ್ಮನ್ನು ಕೇಳಲೇ ಇಲ್ಲ.

ನಿಮ್ಮ ಪಾಲಿನ ಮೀನು ತಿಂದು ಓದಿದವಳು,
ವೈಜಯಂತಿ

*

ಅಂಕೋಲಾ
20 ನವೆಂಬರ್ 2003

ಚಿ. ವೈಜಯಂತಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವಿಲ್ಲ. ಮೂರು ಸಲ ಬರೆಯಲು ಕುಳಿತು ಮೂರು ಸಲ ಹರಿದೆ. ನಿನ್ನ ತಂದೆ ಉಳಿದದ್ದು ತಿಳಿದು ಸಮಾಧಾನವಾಯಿತು. ಅದನ್ನು ಮಾತ್ರ ಪೂರ್ತಿ ನಂಬಿ ಓದು.

ಆಸ್ಪತ್ರೆಗೆ ಬಂದದ್ದು ಗಂಟಲು ಕೆರೆತಕ್ಕೆ. ಈಗ ಅಡ್ಡಿಲ್ಲ. ಸಹಿಯ ಮಾತು ಬರೆದಿದ್ದೀಯ. ಸಹಿ ಹಾಕಿದವಳು ನೀನು, ನಾನಲ್ಲ. ಇದನ್ನು ನೆನಪಿಟ್ಟುಕೋ.

ನನ್ನ ಪಾಲಿನ ಮೀನು ಎಂದು ಬರೆದದ್ದು ಓದಿ ಒಬ್ಬಳೇ ನಕ್ಕೆ. ಮನೆಯೊಡತಿ ರಂಜನಾ ಬಾಗಿಲಿಗೆ ಬಂದು ಇಣುಕಿ ಹೋದಳು. ಘಟ್ಟದ ಮೇಲಿನ ಸಿದ್ದಾಪುರದವಳು ನಾನು. ಹಾರವಾಡಕ್ಕೆ ವರ್ಗವಾಗಿ ಬಂದಾಗ ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದುಕೊಂಡೇ ಪಾಠ ಮಾಡುತ್ತಿದ್ದೆ. ಬಂದ ಎರಡನೇ ವಾರ ಶಾಲೆಗೆ ಹೋದರೆ ಮೂರನೇ ಇಯತ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ರಂಪಣಿ ಬಲೆ ಎಳೆಯುತ್ತಿದ್ದಾರೆಂದು ಯಾರೋ ಹೇಳಿದರು. ಕೊಡೆ ಹಿಡಿದುಕೊಂಡು ದಡಕ್ಕೆ ಬಂದೆ. ಊರಿಗೆ ಊರೇ ಸಾಲಾಗಿ ನಿಂತು ಹಗ್ಗ ಎಳೆಯುತ್ತಿತ್ತು, ಅದರ ನಡುವೆ ನೀನು. ಎಂಟು ವರ್ಷದ ಹುಡುಗಿ, ಹಗ್ಗದಷ್ಟೇ ದಪ್ಪ. ನಿನ್ನ ಬೆರಳು ಬಿಡಿಸಲೆಂದು ನಾನೂ ಹಗ್ಗ ಹಿಡಿದೆ. ಅದೇ ಹೊತ್ತಿಗೆ ಎಲ್ಲರೂ ಎಳೆದರು. ಬಿಡಲು ಗೊತ್ತಾಗದೆ ಬಲೆ ದಡಕ್ಕೆ ಬರುವ ತನಕ ನಾನೂ ಅವರ ಜೊತೆ ಹಿಂದೆ ಹಿಂದೆ ಹೋದೆ.

ಆಮೇಲೆ ಪಾಲು ಹಾಕುವಾಗ ನಿನ್ನ ತಂದೆ ನನ್ನ ಮುಂದೊಂದು ಬಂಗಡೆಯ ರಾಶಿ ಹಾಕಿದರು. ಅವರು ಆಗ ರಂಪಣಿಯ ಮುಖಂಡರು. ಅಯ್ಯೋ, ನಾನು ಮೀನು ತಿನ್ನುವವಳಲ್ಲ, ಎಳೆದೂ ಇಲ್ಲ, ಸುಮ್ಮನೆ ಹಿಡಿದದ್ದು ಎಂದೆ. ಅವರು ಹೇಳಿದ್ದು ಇವತ್ತಿಗೂ ಹಾಗೇ ನೆನಪಿದೆ: "ಎಳದ್ರಾ, ಬರೇ ಹಿಡ್ಕಂಡು ನಿತ್ರಾ, ಅದೆಲ್ಲ ಯಾರು ಕಾಣ್ತ್ರು ಅಕ್ಕೋರೇ? ಹಗ್ಗ ಮುಟ್ಟದೋರಿಗೆ ಪಾಲು ಕೊಡ್ಲೇ ಬೇಕು. ಬ್ಯಾಡ ಅಂದ್ರೆ ಊರಿಗೆ ಒಳ್ಳೇದಲ್ಲ."

ಹಾಗಾದರೆ ನನ್ನ ಪಾಲು ನಿಮ್ಮ ಮನೆಗೇ ಇರಲಿ, ಆದರೆ ಈ ಹುಡುಗಿ ಬುಟ್ಟಿ ಹೊರುವುದು ಬಿಟ್ಟು ದಿನಾ ಶಾಲೆಗೆ ಬರಬೇಕು ಎಂದು ಕರಾರು ಹಾಕಿದೆ. ಅವರು ನಕ್ಕು ಒಪ್ಪಿದರು. ಆರು ವರ್ಷ ಪ್ರತಿ ರಂಪಣಿಗೂ ಹೋಗಿ ಹಗ್ಗ ಮುಟ್ಟಿ ಬಂದೆ. ಮೀನು ಮುಟ್ಟಲಿಲ್ಲ.

ಪೆನ್ನು ನೀನೇ ಇಟ್ಟುಕೋ. ನನಗೆ ತಿದ್ದುವುದು ಏನೂ ಇಲ್ಲ.

ವನಮಾಲಾ

*

ಕೋಡಿಬಾಗ
2 ಡಿಸೆಂಬರ್ 2003

ಪ್ರೀತಿಯ ಅಕ್ಕೋರಿಗೆ,

ನಿಮ್ಮ ಪತ್ರ ಓದಿ ಅಂಗನವಾಡಿಯ ಮಕ್ಕಳಿಗೆಲ್ಲ ನಿಮ್ಮ ಕಥೆ ಹೇಳಿದೆ. ಹಗ್ಗ ಹಿಡಿದು ಹಿಂದೆ ಹಿಂದೆ ಹೋಗುವುದನ್ನು ನಟಿಸಿ ತೋರಿಸಿದೆ, ಎರಡು ಮಕ್ಕಳು ಬಿದ್ದೇ ಹೋದವು.

ಸಹಿ ಹಾಕಿದವಳು ನೀನು ಎಂದು ಬರೆದಿದ್ದೀರಿ. ನಿಮಗೆ ಯಾವಾಗಲೂ ಹೀಗೇ. ಒಳ್ಳೆಯದು ಮಾಡಿ ಪಕ್ಕಕ್ಕೆ ಸರಿದುಬಿಡುವುದು.

ಅಪ್ಪ ಆರಾಮ ಇದ್ದಾನೆ. ಈಗ ನನ್ನ ಜೊತೆ ಕೋಡಿಬಾಗದ ಕೋಣೆಯಲ್ಲೇ ಇದ್ದಾನೆ. ಕಿಶನ ಬಂದು ನೋಡಿ ಅತ್ತು ಮತ್ತೆ ಬೋಟಿಗೆ ಹೋದ. ಅಪ್ಪ ಊಟ ಮಾಡುತ್ತಾನೆ, ಗಾಯ ಒಣಗಿದೆ. ಇಬ್ಬರೂ ಮಾತಾಡಿಕೊಂಡು ಹೊತ್ತು ಕಳೆಯುತ್ತೇವೆ. ನಿಮ್ಮ ಸುದ್ದಿಯೇ ಹೆಚ್ಚು.

ಮೊನ್ನೆ ಟೆಲಿಫೋನ್ ವಿಚಾರಣೆಯಲ್ಲಿ ಕೇಳಿ ನಿಮ್ಮ ಮನೆಯೊಡತಿಯ ಫೋನ್ ನಂಬರು ಹುಡುಕಿ ಮಾಡಿದ್ದೆ. ಅವರು ನಿಮ್ಮನ್ನು ಕರೆಯುತ್ತೇನೆಂದು ಹೋದರು, ವಾಪಸು ಬಂದು "ಅವ್ರು ಫೋನಿಗೆ ಬರೂದಿಲ್ಲ, ಕಾಗ್ದ ಹಾಕಿ" ಎಂದು ಇಟ್ಟುಬಿಟ್ಟರು. ನನ್ನ ಮೇಲೆ ಸಿಟ್ಟಾಗಿದ್ದೀರಾ? ಅಂಕೋಲೆಯಿಂದ ಕಾರವಾರಕ್ಕೆ ಒಂದು ತಾಸಿನ ಬಸ್ಸು. ಒಂದು ಭಾನುವಾರ ಬಂದು ಹೋಗಿ. ಅಥವಾ ನಾನೇ ಬರುತ್ತಿದ್ದೆ, ಅಪ್ಪನನ್ನು ಒಬ್ಬನನ್ನೇ ಬಿಟ್ಟು ಬರಲಾಗುವುದಿಲ್ಲ.

ಒಂದು ಕೇಳಲೇ? ಆ ದಿನ ನೀವು ಹೌದು ಎಂದು ತಲೆಯಾಡಿಸುವಾಗ ಮನಸ್ಸಿನಲ್ಲಿ ಏನಿತ್ತು? ಯಾಕೆ ಸಹಿ ಹಾಕುವುದೇ ಸರಿ ಅನಿಸಿತು? ಎರಡು ಸಾಲು ಬರೆದರೆ ನನಗೆ ನಿದ್ದೆ ಬರುತ್ತದೆ.

ವೈಜಯಂತಿ

*

ಅಂಕೋಲಾ
15 ಡಿಸೆಂಬರ್ 2003
(ಕಾರ್ಡು)

ಚಿ. ವೈಜಯಂತಿಗೆ,

ನಿನ್ನ ಮೇಲೆ ಸಿಟ್ಟಿಲ್ಲ. ಫೋನು ಮಾಡಬೇಡ, ನನಗೆ ಅದು ಒಗ್ಗುವುದಿಲ್ಲ. ಬಸ್ಸಿನ ಪ್ರಯಾಣವೂ ಈಚೆಗೆ ಆಗುವುದಿಲ್ಲ. ತಂದೆ ಮಾತಾಡಿಕೊಂಡಿದ್ದಾರೆ ಎಂಬುದೇ ದೊಡ್ಡದು. ಮನೆಯಲ್ಲಿ ಮಾತು ಇರುವುದು ಎಷ್ಟು ಒಳ್ಳೆಯದೆಂದು ನಿನಗೆ ಈಗ ಗೊತ್ತಾಗಲಿಕ್ಕಿಲ್ಲ.

ಬೆಳಗಿನ ಚಳಿ ಶುರುವಾಗಿದೆ. ಅವರಿಗೊಂದು ಕಂಬಳಿ ಹೊದೆಸು.

ವನಮಾಲಾ

*

ಕೋಡಿಬಾಗ
25 ಜನವರಿ 2004

ಅಕ್ಕೋರಿಗೆ,

ನಿಮಗೆ ಸುಳ್ಳು ಬರೆದಿದ್ದೆ. ಅಪ್ಪ ನನ್ನ ಹತ್ತಿರ ಮಾತಾಡುವುದಿಲ್ಲ. ಮೂರೂವರೆ ತಿಂಗಳಾಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದ ಮೂರನೇ ದಿನ ಚಾದರ ಸರಿಸಿ ನೋಡಿದ. ಆಮೇಲೆ, "ಯಾರು ಸಹಿ ಹಾಕ್ದೋರು?" ಎಂದ. ನನಗೆ ಹೆದರಿಕೆಯಾಯಿತು. "ನಾನೇ ಅಪ್ಪಾ. ವನಮಾಲಾ ಅಕ್ಕೋರು ಹಾಕು ಅಂದ್ರು, ಅದ್ಕೇ ಹಾಕ್ದೆ" ಎಂದೆ. ನಿಮ್ಮ ಮೇಲೆ ಅವನಿಗೆ ಬಹಳ ಗೌರವ, ನಿಮ್ಮ ಹೆಸರು ಕೇಳಿದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಇವತ್ತಿನವರೆಗೂ ಹಾಗೇ.

ಹುಲಿಯಾ ಮಾವ ಬಂದರೆ ಮಾತಾಡುತ್ತಾನೆ. ಕಿಶನನ ಹತ್ತಿರ ಮಾತಾಡಿದ. ಗೋಡೆಯ ಮೇಲೆ ಕೂರುವ ಕಾಗೆಗೂ "ಹೋಗಾ ಅತ್ಲಾಗೆ" ಎನ್ನುತ್ತಾನೆ. ನನಗೆ ಮಾತ್ರ ಇಲ್ಲ. ನೀರು ಬೇಕಾದರೆ ಲೋಟ ಕುಟ್ಟುತ್ತಾನೆ. ನಮ್ಮ ಕಿಟಕಿಯಿಂದ ಕಾಳಿ ನದಿ ಕಾಣುತ್ತದೆ, ಇಳಿತದ ಹೊತ್ತಿಗೆ ದೋಣಿಗಳು ಸಮುದ್ರಕ್ಕೆ ಹೋಗುತ್ತವೆ. ಅವನಿಗೆ ಖುಷಿಯಾಗಲಿ ಎಂದು ಮಂಚ ಕಿಟಕಿಯ ಹತ್ತಿರ ಹಾಕಿದ್ದೆ. ಊರುಗೋಲಿನಿಂದ ಕಿಟಕಿ ದೂಡಿ ಮುಚ್ಚಿದ. ಅವತ್ತಿನಿಂದ ಹಗಲಿಗೂ ದೀಪ ಹಾಕಿಕೊಂಡು ಅಡಿಗೆ ಮಾಡುತ್ತೇನೆ.

ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳು ಕಿವಿ ಹರಿದು ಹೋಗುವ ಹಾಗೆ ಕೂಗುತ್ತವೆ. ಸಂಜೆ ಮನೆಗೆ ಬಂದರೆ ಲೋಟದ ಸದ್ದು ಒಂದೇ. ಒಬ್ಬಳೇ ಇದ್ದಾಗಲೂ ನನಗೆ ಇಷ್ಟು ಒಂಟಿ ಅನಿಸಿರಲಿಲ್ಲ ಅಕ್ಕೋರೇ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಒಂದೇ ಒಂದು ಸಲ ಬನ್ನಿ. ಅಪ್ಪನ ಎದುರು ಕುಳಿತು, "ಬೊಮ್ಮಯ್ಯಾ, ನಾನೇ ಹೇಳಿದ್ದು, ನಿನ್ನ ಮಗಳ ತಪ್ಪಿಲ್ಲ" ಎಂದು ಒಂದು ಮಾತು ಹೇಳಿ. ನಿಮ್ಮ ಮಾತು ಅವನು ತೆಗೆದುಹಾಕುವುದಿಲ್ಲ. ರಿಕ್ಷಾ ಮಾಡಿ ಕಳುಹಿಸಲೇ? ನನಗೆ ಅಪ್ಪನ ಬಾಯಿಂದ ಒಂದು ಮಾತು ಬೇಕು. ಬೈಗುಳವಾದರೂ ಆಗುತ್ತದೆ.

ವೈಜಯಂತಿ

*

ಅಂಕೋಲಾ
3 ಫೆಬ್ರವರಿ 2004

ವೈಜಯಂತಿ,

ನೀನು ಕೇಳಿದ್ದನ್ನು ಮಾಡಲಾರೆ. ನಾನು ಸಹಿ ಹಾಕು ಎಂದು ಹೇಳಲಿಲ್ಲ. ನೀನು ಏನು ಕೇಳಿದೆ ಎಂಬುದೇ ನನಗೆ ಆ ದಿನ ಗೊತ್ತಿರಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ.

ಬರೆದೆ. ಇಷ್ಟು ಸಣ್ಣ ವಾಕ್ಯ ಬರೆಯಲು ನಾಲ್ಕು ತಿಂಗಳು ಬೇಕಾಯಿತು.

ನಿವೃತ್ತಿಗೆ ಮೂರು ವರ್ಷ ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಯಾರಿಗೂ ಹೇಳಲಿಲ್ಲ. ಮಕ್ಕಳ ತುಟಿ ನೋಡಿ ಪಾಠ ಮಾಡಿದೆ. ಕೊನೆಯ ವರ್ಷ ಮಕ್ಕಳು ಏನು ಉತ್ತರ ಹೇಳಿದರೂ ತಲೆಯಾಡಿಸುತ್ತಿದ್ದೆ, ತಪ್ಪಿಗೂ ಸರಿ ಎಂದಿರಬೇಕು. ಎಷ್ಟು ಮಕ್ಕಳಿಗೆ ತಪ್ಪು ಕಲಿಸಿ ಕಳುಹಿಸಿದೆನೋ ಗೊತ್ತಿಲ್ಲ. ನಿನ್ನನ್ನು ಮುಖ ನೋಡಬೇಡ ಎಂದು ಬೈಯುತ್ತಿದ್ದವಳು ಕಡೆಗೆ ಮುಖ ನೋಡಿಯೇ ಬದುಕುವವಳಾದೆ.

ಆ ಸೋಮವಾರ ಡಾಕ್ಟರು ಒಂದು ಕಾಗದದ ಮೇಲೆ ಬರೆದು ತೋರಿಸಿದರು: ಕಿವಿಯ ನರ ಸತ್ತಿದೆ, ಯಂತ್ರ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ. ಹೊರಗೆ ಬಂದೆ. ಎಲ್ಲಿಗೆ ಹೋಗಬೇಕೆಂದು ತೋಚದೆ ಸಿಕ್ಕಿದ ಬೆಂಚಿನಲ್ಲಿ ಕುಳಿತೆ. ನನಗೂ ಅದು ಹೆದರಿಕೆಯ ದಿನವೇ ಆಗಿತ್ತು ಮಗೂ. ಅಷ್ಟರಲ್ಲಿ ನೀನು ಬಂದು ಕಾಲಿಗೆ ಬಿದ್ದೆ. ನೋಡಿದ ಕೂಡಲೇ ಗುರುತಾಯಿತು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು ನಿನಗೆ ಚಿಕ್ಕಂದಿನ ಅಭ್ಯಾಸ.

ನೀನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಮಾತಾಡುತ್ತಿದ್ದೆ. ತುಟಿ ಕಾಣಿಸುತ್ತಿರಲಿಲ್ಲ. ಯಾರೋ ಒಳಗಿದ್ದಾರೆ ಎನ್ನುವುದಷ್ಟು ತಿಳಿಯಿತು. ಕಿವಿ ಕೇಳಿಸುವುದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ಮಾತು ನಿಲ್ಲಿಸುತ್ತಿದ್ದೆ. ಎಲ್ಲರೂ ನಿಲ್ಲಿಸುತ್ತಾರೆ. ರಂಜನಾ ಕೈಸನ್ನೆ ಮಾಡಿ ಹೋಗುತ್ತಾಳೆ, ಅಂಗಡಿಯವನು ಬರೆದ ಚೀಟಿ ಇಸಿದುಕೊಂಡು ಸಾಮಾನು ಕೊಡುತ್ತಾನೆ. ನನ್ನ ಎದುರು ಕುಳಿತು ಒಬ್ಬರು ಮೂರು ತಾಸು ಮಾತಾಡಿ ಎಷ್ಟು ಕಾಲವಾಗಿತ್ತೋ. ಆಸೆಯಾಯಿತು. ಕುಳಿತೆ. ನಡುವೆ ತಲೆಯಾಡಿಸಿದೆ. ಕೊನೆಗೆ ನೀನು ಫಾರಂ ನೋಡಿ ನನ್ನನ್ನು ನೋಡಿದೆ. ಪೆನ್ನು ಇಲ್ಲ ಎಂದುಕೊಂಡೆ. ಕೊಟ್ಟೆ. ಅಷ್ಟೇ ನಡೆದದ್ದು.

ನಿನ್ನ ಮೊದಲ ಪತ್ರ ಓದಿದಾಗಲೇ ನಾನು ಯಾವುದಕ್ಕೆ ಪೆನ್ನು ಕೊಟ್ಟೆ ಎಂದು ತಿಳಿದದ್ದು. ಅವರು ಸತ್ತಿದ್ದರೆ?

ಬಸ್ಸಿನಲ್ಲಿ ಬಾ ಎಂದು ನೀನು ಬರೆದಿದ್ದೆ. ಕಾರವಾರ ಕೊನೆಯ ನಿಲ್ದಾಣ, ಎಲ್ಲರೂ ಇಳಿಯುತ್ತಾರೆ, ಹಾಗಾಗಿ ಅಲ್ಲಿಗೆ ಬರಬಲ್ಲೆ. ನಡುವಿನ ಊರುಗಳಿಗೆ ಆಗುವುದಿಲ್ಲ. ಒಮ್ಮೆ ಅವರ್ಸಾಕ್ಕೆಂದು ಹೊರಟು, ಕಂಡಕ್ಟರು ಕೂಗಿದ್ದು ಕೇಳದೆ ಕಾರವಾರದಲ್ಲಿ ಇಳಿದೆ. ಅವನು ಬೈದ, ಬಸ್ಸಿನಲ್ಲಿದ್ದವರು ನಕ್ಕರು. ಏನೆಂದು ನಕ್ಕರೋ ನನಗೆ ತಿಳಿಯಲಿಲ್ಲ. ಬರಬಹುದಿತ್ತು, ಆದರೆ ನಿನ್ನ ತಂದೆಯ ಎದುರು ಕುಳಿತು ಆಡದ ಮಾತನ್ನು ಆಡಿದೆ ಎನ್ನಲಾರೆ. ನಿನ್ನ ಕಷ್ಟದಲ್ಲಿ ನನಗೆ ಯಾವ ಪಾಲೂ ಇಲ್ಲ, ನಿನ್ನ ಧೈರ್ಯದಲ್ಲೂ ಇಲ್ಲ. ಎರಡೂ ನಿನ್ನವೇ.

ಕ್ಷಮಿಸು ಎಂದು ಕೇಳುವ ಯೋಗ್ಯತೆ ಇದೆಯೋ ಇಲ್ಲವೋ. ಕೇಳುತ್ತಿದ್ದೇನೆ.

ವನಮಾಲಾ

*

ಅಂಕೋಲಾ
22 ಮಾರ್ಚ್ 2004
(ಕಾರ್ಡು)

ಚಿ. ವೈಜಯಂತಿಗೆ,

ನಿನ್ನ ಪತ್ರ ಬಂದಿಲ್ಲ. ಬರಲೇಬೇಕೆಂದು ಇಲ್ಲ. ತಂದೆ ಮಾತಾಡಿದರೇ ಎಂದು ಮಾತ್ರ ತಿಳಿಸು.

ವನಮಾಲಾ

*

ಅಂಕೋಲಾ
9 ಆಗಸ್ಟ್ 2004
(ಕಾರ್ಡು)

ಚಿ. ವೈಜಯಂತಿಗೆ,

ಅಂಚೆಯವನು ಓಣಿಗೆ ಬಂದರೆ ರಂಜನಾ ನನಗಿಂತ ಮೊದಲು ಹೋಗಿ ಕೇಳಿ, ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾಳೆ. ಪಾಪ, ಅವಳಿಗೂ ಅಭ್ಯಾಸವಾಗಿದೆ. ಈ ಸಲ ಮಳೆ ಜೋರು ಎನ್ನುತ್ತಾರೆ. ಹಂಚಿನ ಮೇಲೆ ಬೀಳುವ ಸದ್ದು ಮರೆತುಹೋಗುತ್ತಿದೆ.

ಇನ್ನು ಬರೆದು ತೊಂದರೆ ಕೊಡುವುದಿಲ್ಲ. ನೀನು ಎಲ್ಲಿದ್ದರೂ ಚೆನ್ನಾಗಿರು.

ವನಮಾಲಾ

*

ಹಾರವಾಡ
17 ಅಕ್ಟೋಬರ್ 2004

ಅಕ್ಕೋರೇ,

ನಿಮ್ಮ ಫೆಬ್ರವರಿಯ ಪತ್ರ ಓದಿ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆಗಲೇ ಉತ್ತರ ಬರೆದಿದ್ದರೆ ಬೈದೇ ಬರೆಯುತ್ತಿದ್ದೆ. ಮೂರು ತಾಸು ಗೋಡೆಯ ಹತ್ತಿರ ಮಾತಾಡಿದೆನೇ ಎಂದು ಅನಿಸಿತು. ಮನೆಯಲ್ಲಿ ಒಂದು ಗೋಡೆ ಸಾಲದೆಂದು ಇನ್ನೊಂದು. ಕೆಂಪು ಪೆನ್ನು ಕಿಟಕಿಯಿಂದ ಹೊಳೆಗೆ ಎಸೆಯೋಣವೆಂದು ಎತ್ತಿದೆ, ಕಿಟಕಿ ಮುಚ್ಚಿತ್ತು. ನಿಮ್ಮ ಎರಡು ಕಾರ್ಡೂ ಬಂದವು. ಓದಿ ಡಬ್ಬಿಯಲ್ಲಿಟ್ಟೆ. ಬೇಕೆಂದೇ ಉತ್ತರ ಬರೆಯಲಿಲ್ಲ. ನಿಮಗೆ ನೋವಾಗಲಿ ಎಂದೇ ಬರೆಯಲಿಲ್ಲ. ಇದೂ ನಿಮಗೆ ಗೊತ್ತಿರಲಿ.

ಆಗಸ್ಟಿನ ಕೊನೆಗೆ ಒಂದು ಮಧ್ಯಾಹ್ನ ಅಪ್ಪನಿಗೆ ಗಂಜಿ ಬಡಿಸುತ್ತಿದ್ದೆ. ಉಪ್ಪು ಬೇಕೆಂದು ಲೋಟ ಕುಟ್ಟಿದ. ನನಗೆ ತಡೆಯಲಾಗಲಿಲ್ಲ. ಬಟ್ಟಲು ನೆಲಕ್ಕೆ ಕುಕ್ಕಿ ಕೂಗಿದೆ: "ಅಕ್ಕೋರು ಹೇಳಿದ್ದಲ್ಲ! ಅವ್ರಿಗೆ ಕಿವೀನೇ ಕೇಳೂದಿಲ್ಲ! ಯಾರೂ ಹೇಳ್ಳಿಲ್ಲ ನಂಗೆ! ನಾನೊಬ್ಳೇ ಹಾಕ್ದೆ ಸಹಿ! ನೀ ಸಾಯೂದು ಬ್ಯಾಡಾಗಿತ್ತು ನಂಗೆ, ಅದ್ಕೇ ಹಾಕ್ದೆ!"

ಅಪ್ಪ ಗೋಡೆಯಿಂದ ತಿರುಗಿದ. ನನ್ನ ಮುಖ ನೋಡಿದ. ಆಮೇಲೆ, "ನೀನೇ ಹಾಕ್ದ್ಯಾ?" ಎಂದ.

"ಹೂಂ."

"ಯಾರೂ ಹೇಳ್ದೇ?"

"ಯಾರೂ ಹೇಳ್ದೇ."

ಅಕ್ಕೋರೇ, ಅವನು ಅತ್ತುಬಿಟ್ಟ. ಅವ್ವಿ ಹೋದಾಗಲೂ ಅತ್ತಿರಲಿಲ್ಲ. "ನಾ ತಿಳ್ಕಂಡಿದ್ದೆ, ಅಕ್ಕೋರು ಹೇಳ್ದ್ರು ಅಂತ ನನ್ನ ಉಳಿಸ್ದೆ ನೀನು. ಶಾಲೀಲಿ ಹೇಳ್ದಂಗೆ ಕೇಳಿದ್ದು. ನಿಂಗೇ ಬೇಕಾಗಿ ಅಲ್ಲ. ಒಂದ್ ಕಾಲಿನ ಮುದ್ಕ ಯಾರಿಗೆ ಬೇಕು ಅಂತ ಅಂದ್ಕಂಡೆ" ಎಂದ. ಹತ್ತು ತಿಂಗಳು ಅವನ ಹೊಟ್ಟೆಯೊಳಗಿದ್ದದ್ದು ಇದು. ಕಾಲಿನ ಸಿಟ್ಟಲ್ಲ. ನಾನು ಹೆದರಿ ನಿಮ್ಮ ಹಿಂದೆ ಅಡಗಿದೆ, ಅವನಿಗೆ ಮಗಳು ಕಾಣಿಸಲೇ ಇಲ್ಲ. ಆ ದಿನ ಉಪ್ಪು ಹಾಕದ ಗಂಜಿಯನ್ನೇ ಇಬ್ಬರೂ ಉಂಡೆವು. ಮರುದಿನ ಬೆಳಿಗ್ಗೆ ಕಿಟಕಿ ತೆಗೆ ಎಂದ.

ಇಷ್ಟಾದ ಮೇಲೂ ನಿಮಗೆ ಬರೆಯಲಿಲ್ಲ. ನಾಚಿಕೆಯಾಯಿತು. ದಸರಾ ರಜೆಗೆ ಅಪ್ಪನನ್ನು ಊರಿಗೆ ಕರೆದುಕೊಂಡು ಬಂದೆ. ಈಗ ರಂಪಣಿ ಮೊದಲಿನ ಹಾಗಿಲ್ಲ, ಟ್ರಾಲರಿನವರು ಬಿಟ್ಟರೆ ತಾನೇ ದಡಕ್ಕೆ ಮೀನು ಬರುವುದು. ವರ್ಷಕ್ಕೆ ನಾಲ್ಕು ಸಲ ಹಾಕಿದರೆ ಹೆಚ್ಚು. ಇವತ್ತು ಬೆಳಿಗ್ಗೆ ಹಾಕಿದರು. ಹುಲಿಯಾ ಮಾವ ಮರಳಿನಲ್ಲಿ ಒಂದು ಕುಣಿ ತೋಡಿ ಅಪ್ಪನನ್ನು ಕೂರಿಸಿ, ಇರುವ ಕಾಲನ್ನು ಅದರಲ್ಲಿ ಊರಿಸಿದ. ಹಗ್ಗದ ತುದಿ ಅಪ್ಪನ ಕೈಗೆ ಕೊಟ್ಟರು. ನಾನು ಅವನ ಹಿಂದೆಯೇ ಹಿಡಿದೆ. ಎಷ್ಟು ಎಳೆದನೋ, ಬರೇ ಹಿಡಿದನೋ, ಯಾರೂ ನೋಡಲಿಲ್ಲ.

ತಾರ್ಲೆ ಮೀನು ಬಿತ್ತು, ನಡುನಡುವೆ ಬಂಗಡೆ. ಪಾಲು ಹಾಕಲು ಅಪ್ಪನನ್ನೇ ಕೂರಿಸಿದರು. ಎಲ್ಲರದೂ ಆದ ಮೇಲೆ ಅಪ್ಪ ಪಕ್ಕಕ್ಕೆ ಇನ್ನೊಂದು ರಾಶಿ ಹಾಕಿದ. ಇದು ಯಾರದ್ದೆಂದು ಹುಲಿಯಾ ಮಾವ ಕೇಳಿದ. "ಅಕ್ಕೋರದ್ದು" ಎಂದ ಅಪ್ಪ. "ಅವ್ರು ಎಲ್ಲಿ ಬಂದಾರೆ ಮಾರಾಯ?" ಎಂದರೆ, ಅಪ್ಪ ತಲೆಯೆತ್ತದೆ ಹೇಳಿದ: "ಆಸ್ಪತ್ರೇಲಿ ನಮ್ಮ ಹುಡ್ಗಿ ಸಂಗ್ತಿಗೆ ಕೂತಿದ್ರಲ. ಕಿವಿ ಕೇಳ್ತೋ ಇಲ್ಲೋ ಅದೆಲ್ಲ ಯಾರು ಕಾಣ್ತ್ರು? ಹಗ್ಗ ಮುಟ್ಟಾರೆ."

ನನ್ನ ಸಿಟ್ಟೆಲ್ಲ ಆ ಮರಳಿನ ಮೇಲೆ ಇಳಿಯಿತು. ನನ್ನ ಕಷ್ಟದಲ್ಲಿ ನಿಮಗೆ ಪಾಲಿಲ್ಲ ಎಂದು ಬರೆದಿದ್ದಿರಿ. ಇದೆ. ಆ ಮೂರು ತಾಸು ನೀವು ಕೈ ಹಿಡಿದು ಕೂರದಿದ್ದರೆ ನಾನು ಬೆಂಚಿನಿಂದ ಎದ್ದು ಓಡಿಹೋಗುತ್ತಿದ್ದೆ. ಇದು ನಿಜ. ನಿಮಗೆ ಕೇಳಿಸಿರಲಿಲ್ಲ, ಆದರೆ ನನಗೆ ಹೇಳಿಕೊಳ್ಳಬೇಕಾಗಿತ್ತು.

ನಿಮ್ಮ ಪಾಲು ಮೊದಲಿನ ಹಾಗೆ ನಮ್ಮ ಮನೆಗೇ ಬಂತು. ಸಾರು ಮಾಡಿ ಉಂಡೆವು, ಚೆನ್ನಾಗಿತ್ತು. ಆಗ ನೀವೊಂದು ಕರಾರು ಹಾಕಿದ್ದಿರಿ. ಈಗ ಅಪ್ಪನೂ ಒಂದು ಹಾಕಿದ್ದಾನೆ. ಪಾಲಿನ ಬದಲಿಗೆ ನೀವು ಹಾರವಾಡಕ್ಕೆ ಬರಬೇಕು. ರಜೆ ಮುಗಿದರೂ ಭಾನುವಾರಗಳಲ್ಲಿ ನಾನು ಇಲ್ಲೇ ಇರುತ್ತೇನೆ. ಮೂವತ್ತೊಂದಕ್ಕೆ ಇನ್ನೊಮ್ಮೆ ಬಲೆ ಹಾಕುವವರಿದ್ದಾರೆ. ಹಗ್ಗ ಎಳೆಯಲಿಕ್ಕೆ ಕಿವಿ ಬೇಡ ಅಕ್ಕೋರೇ, ಹೊತ್ತು ಬಂದಾಗ ಕೈಗೇ ಗೊತ್ತಾಗುತ್ತದೆ. ನಿಮ್ಮ ಪೆನ್ನಿನಲ್ಲೇ ಬರೆದಿದ್ದೇನೆ, ನೋಡಿ. ಕೆಂಪು ಇನ್ನೂ ಮುಗಿದಿಲ್ಲ.

ನಿಮ್ಮ
ವೈಜಯಂತಿ

*

ಅಂಕೋಲಾ
25 ಅಕ್ಟೋಬರ್ 2004
(ಕಾರ್ಡು)

ಚಿ. ವೈಜಯಂತಿಗೆ,

ರಂಜನಾ ಈ ಸಲ ದೂರದಿಂದ ಕೈಯಾಡಿಸಲಿಲ್ಲ, ಓಡಿಬಂದಳು. ಪತ್ರದಲ್ಲಿ ನಾಲ್ಕು ತಪ್ಪುಗಳಿವೆ, ತಿದ್ದಿಲ್ಲ.

ಮೂವತ್ತೊಂದರ ಬೆಳಿಗ್ಗೆ ಏಳು ಗಂಟೆಯ ಬಸ್ಸು ಹಿಡಿಯುತ್ತೇನೆ. ಇಪ್ಪತ್ತು ವರ್ಷದಲ್ಲಿ ದಾರಿಯ ಗುರುತೆಲ್ಲ ಬದಲಾಗಿದೆ. ಕಂಡಕ್ಟರು ಹಾರವಾಡ ಎಂದು ಕೂಗುವುದು ನನಗೆ ಕೇಳಿಸುವುದಿಲ್ಲ. ಈ ಮಾತನ್ನು ಯಾರ ಹತ್ತಿರವೂ ಕೇಳಿಕೊಂಡಿರಲಿಲ್ಲ, ನಿನ್ನ ಹತ್ತಿರ ಕೇಳುತ್ತೇನೆ. ಹೆದ್ದಾರಿಯ ತಿರುವಿಗೆ ಬಂದು ನಿಂತಿರು. ನಾನು ಕಿಟಕಿಯ ಪಕ್ಕ ಕುಳಿತಿರುತ್ತೇನೆ. ನಿನ್ನ ಮುಖ ನೋಡಿ ಇಳಿಯುತ್ತೇನೆ.

ವನಮಾಲಾ